ಸಿಎಸ್‌ಆರ್ ಅಂದರೆ ಮ್ಯಾನೇಜರ್ ತಲೆಯಲ್ಲಿ ಏನು ಬರುತ್ತದೆ?

(ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ, ಇದರ ಬಗ್ಗೆ ತುಮಕೂರಿನಲ್ಲಿ ಎಂಕಾಂ ಮತ್ತು ಎಂಬಿಎ ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸ ಇದು. ಆಡಿದ ಮಾತನ್ನು ಹಾಗೇ ಇಳಿಸಿದರೆ ಓದೋಕೆ ಕಷ್ಟ, ಅದಕ್ಕೆ ಸ್ವಲ್ಪ ಓರಣ ಮಾಡಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

1946ರಲ್ಲಿ ಅಮೆರಿಕದ ಫಾರ್ಚ್ಯೂನ್ ಪತ್ರಿಕೆ ಅಲ್ಲಿನ ಉದ್ಯಮಿಗಳಿಗೆ ಒಂದು ಪ್ರಶ್ನೆ ಕೇಳಿತ್ತು. ನಿಮ್ಮ ಲಾಭ-ನಷ್ಟದ ಪಟ್ಟಿಯಲ್ಲಿ ಕಾಣುವುದಕ್ಕಿಂತ ಸ್ವಲ್ಪ ದೂರದವರೆಗೂ ನಿಮ್ಮ ಕೆಲಸದ ಪರಿಣಾಮಕ್ಕೆ ನೀವು ಹೊಣೆ ಅಂತ ಒಪ್ಪುತ್ತೀರಾ ಎಂದು. ಶೇ. 93.5ರಷ್ಟು ಜನ ಹೌದು ಅಂದರು. ಹೊವಾರ್ಡ್ ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು 1953ರಲ್ಲಿ ಈ ವಿಷಯದ ಮೇಲೆ ಪುಸ್ತಕ ಬರೆದಾಗ ಈ ಅಂಕಿಯನ್ನು ಬಳಸಿಕೊಂಡರು. ಅಲ್ಲಿಂದ ಮುಂದೆ ಅದು ಎಷ್ಟೋ ಪಠ್ಯಗಳಲ್ಲಿ ಓಡಾಡುತ್ತಿದೆ.

ಆದರೆ ಯೋಚನೆ ಮಾಡಿ. ಇಂಥ ಪ್ರಶ್ನೆಗೆ ಯಾರು ತಾನೇ ಇಲ್ಲ ಅಂತಾರೆ? ಇವತ್ತು ಬೆಂಗಳೂರಿನ ನೂರು ಮ್ಯಾನೇಜರುಗಳ ಕೈಗೆ ಅದೇ ಪ್ರಶ್ನೆ ಕೊಟ್ಟರೂ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಜನ ಹೌದು ಅಂತ ಟಿಕ್ ಹಾಕಿ, ಮುಂದಿನ ಮೀಟಿಂಗ್‌ಗೆ ಓಡುತ್ತಾರೆ. ಹಾಗಾಗಿ ಮ್ಯಾನೇಜರುಗಳು ಸಿಎಸ್‌ಆರ್ ಬಗ್ಗೆ ಏನು ಹೇಳುತ್ತಾರೆ ಅನ್ನೋದನ್ನ ಪಕ್ಕಕ್ಕಿಡೋಣ. ಅವರ ತಿಂಗಳ ರಿವ್ಯೂ ಮೀಟಿಂಗ್‌ನಲ್ಲಿ ಅದು ಯಾವ ಸ್ಲೈಡ್‌ನಲ್ಲಿ ಬರುತ್ತದೆ, ಯಾರು ಅದರ ಬಗ್ಗೆ ಪ್ರಶ್ನೆ ಕೇಳುತ್ತಾರೆ, ಅದು ಆಗದಿದ್ದರೆ ಯಾರ ಇನ್‌ಕ್ರಿಮೆಂಟ್ ಕಡಿಮೆಯಾಗುತ್ತದೆ? ನಿಜವಾದ ಅಭಿಪ್ರಾಯ ಅಲ್ಲಿ ಸಿಗುತ್ತದೆ.

ನಾನು ಕೆಲವು ವರ್ಷ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿದ್ದು ಕಂಪನಿಗಳ ಬಾಗಿಲು ತಟ್ಟಿದವನು. ಆಮೇಲೆ ಕಂಪನಿಯ ಒಳಗೆ ಕೂತು, ಬಾಗಿಲು ತಟ್ಟುವವರನ್ನು ಕಾಯಿಸಿದವನೂ ಹೌದು. ಎರಡೂ ಕುರ್ಚಿಯಲ್ಲಿ ಕೂತಿದ್ದರಿಂದ ಬಂದ ಮಾತು ಇವು.

ಮೊದಲು ಕಾನೂನು. ಬೇಗ ಹೇಳಿ ಮುಗಿಸುತ್ತೇನೆ, ಯಾಕಂದರೆ ನಿಮ್ಮ ಪರೀಕ್ಷೆಗೆ ಇದು ಹೇಗೂ ಬರುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್, ಜಾರಿಗೆ ಬಂದಿದ್ದು 2014ರ ಏಪ್ರಿಲ್ 1ರಿಂದ. ಹಿಂದಿನ ವರ್ಷದಲ್ಲಿ ಕಂಪನಿಯ ನೆಟ್‌ವರ್ತ್ (ಆಸ್ತಿಯಲ್ಲಿ ಸಾಲ ಕಳೆದು ಉಳಿಯುವ ಮೊತ್ತ) 500 ಕೋಟಿ ರೂ., ಅಥವಾ ವಹಿವಾಟು 1,000 ಕೋಟಿ ರೂ., ಅಥವಾ ನಿವ್ವಳ ಲಾಭ 5 ಕೋಟಿ ರೂ. ಮುಟ್ಟಿದ್ದರೆ, ಕಳೆದ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಕೆಲಸ ಅನ್ನೋದಕ್ಕೆ ಅದೇ ಕಾಯ್ದೆಯ ಏಳನೇ ಷೆಡ್ಯೂಲ್‌ನಲ್ಲಿ ಪಟ್ಟಿ ಇದೆ. ಹಸಿವು, ಶಿಕ್ಷಣ, ಆರೋಗ್ಯ, ಪರಿಸರ, ಪರಂಪರೆಯ ರಕ್ಷಣೆ, ಕ್ರೀಡಾ ತರಬೇತಿ, ಹೀಗೆ. ಸ್ವಂತ ನೌಕರರಿಗೆ ಮಾತ್ರ ಅನುಕೂಲ ಆಗುವಂಥದ್ದು, ರಾಜಕೀಯ ಪಕ್ಷಕ್ಕೆ ಕೊಟ್ಟ ದೇಣಿಗೆ, ಮಾರ್ಕೆಟಿಂಗ್‌ಗೋಸ್ಕರ ಮಾಡಿದ ಸ್ಪಾನ್ಸರ್‌ಶಿಪ್, ಇವು ಲೆಕ್ಕಕ್ಕಿಲ್ಲ.

ಶುರುವಿನ ಏಳು ವರ್ಷ ಇದು ಸ್ವಲ್ಪ ಸಡಿಲವಾಗಿತ್ತು. ಖರ್ಚು ಮಾಡಿ, ಇಲ್ಲವಾದರೆ ಯಾಕೆ ಮಾಡಲಿಲ್ಲ ಅಂತ ವರದಿಯಲ್ಲಿ ಬರೆಯಿರಿ, ಅಷ್ಟೇ. 2021ರ ಜನವರಿಯಲ್ಲಿ ಹಿಡಿತ ಬಿಗಿಯಾಯಿತು. ಖರ್ಚಾಗದೆ ಉಳಿದ ಹಣ ನಡೆಯುತ್ತಿರುವ ಯೋಜನೆಗೆ ಸೇರಿದ್ದಾದರೆ ಮಾರ್ಚ್ 31 ಆದ 30 ದಿನದೊಳಗೆ ಪ್ರತ್ಯೇಕ ಖಾತೆಗೆ ಹೋಗಬೇಕು, ಮೂರು ವರ್ಷದಲ್ಲಿ ಮುಗಿಯಬೇಕು. ಅಂಥ ಯೋಜನೆ ಇಲ್ಲದಿದ್ದರೆ ಆರು ತಿಂಗಳೊಳಗೆ ಸರ್ಕಾರ ಹೇಳಿದ ನಿಧಿಗೆ ಕಟ್ಟಬೇಕು. ತಪ್ಪಿದರೆ ದಂಡ, ಕಂಪನಿಗೂ ಅಧಿಕಾರಿಗೂ. ಹಣ ಹೇಳಿದ ಕೆಲಸಕ್ಕೇ ಹೋಗಿದೆ ಅಂತ ಹಣಕಾಸು ಮುಖ್ಯಸ್ಥರು ಸರ್ಟಿಫಿಕೇಟ್ ಕೊಡಬೇಕು.

ಈಗ ಒಂದು ತಮಾಷೆ ನೋಡಿ. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಮ್ಯಾಗಜೀನ್‌ಗೆ ಬರೆದ ಲೇಖನ ನಿಮಗೆ ಗೊತ್ತಿರಬೇಕು. ಅವರ ವಾದ ಇಷ್ಟು: ಮ್ಯಾನೇಜರ್ ಷೇರುದಾರರ ನೌಕರ. ಅವನು ಸಮಾಜಸೇವೆಗೆ ಕಂಪನಿ ದುಡ್ಡು ಖರ್ಚು ಮಾಡಿದರೆ, ಒಂದು ಕಡೆ ತೆರಿಗೆ ಹಾಕಿದ ಹಾಗೆ, ಇನ್ನೊಂದು ಕಡೆ ಆ ತೆರಿಗೆಯನ್ನು ಎಲ್ಲಿ ಖರ್ಚು ಮಾಡಬೇಕು ಅಂತ ತಾನೇ ತೀರ್ಮಾನಿಸಿದ ಹಾಗೆ. ಇವೆರಡೂ ಸರ್ಕಾರದ ಕೆಲಸ, ನಿನ್ನದಲ್ಲ ಅಂದರು. ನಮ್ಮ ದೇಶ ಏನು ಮಾಡಿತು? ಮೊದಲನೇ ಕೆಲಸವನ್ನು ಸರ್ಕಾರ ತಾನೇ ಇಟ್ಟುಕೊಂಡು ಶೇ. 2 ಅಂತ ನಿಗದಿ ಮಾಡಿತು. ಎರಡನೇದನ್ನ ಕಂಪನಿಯ ಬೋರ್ಡಿಗೆ ಬಿಟ್ಟುಕೊಟ್ಟಿತು. ಫ್ರೀಡ್‌ಮನ್ ಜಗಳವನ್ನು ನಾವು ಅರ್ಧಕ್ಕೆ ಹಂಚಿಕೊಂಡು ಸಂಧಾನ ಮಾಡಿಬಿಟ್ಟೆವು. ಈ ಅರ್ಧಂಬರ್ಧ ವ್ಯವಸ್ಥೆಯಿಂದಲೇ ನಮ್ಮ ಮ್ಯಾನೇಜರುಗಳ ಮನಸ್ಸು ಈಗಿರುವ ಹಾಗೆ ರೂಪುಗೊಂಡಿದೆ ಅಂತ ನನ್ನ ಲೆಕ್ಕ.

ಒಂದೊಂದು ಕುರ್ಚಿಯಿಂದ ನೋಡಿದರೆ ಸಿಎಸ್‌ಆರ್ ಒಂದೊಂದು ಥರ ಕಾಣುತ್ತದೆ.

ಹಣಕಾಸು ವಿಭಾಗಕ್ಕೆ ಅದು ಒಂದು ಗಡುವು. ವ್ಯವಹಾರದ ಖರ್ಚು ಅಂತ ತೋರಿಸಿ ತೆರಿಗೆ ಉಳಿಸುವ ಹಾಗೂ ಇಲ್ಲ, ಆದಾಯ ತೆರಿಗೆ ಕಾಯ್ದೆಯಲ್ಲಿ ಅದಕ್ಕೆ 2014ರಲ್ಲೇ ಬಾಗಿಲು ಹಾಕಿದ್ದಾರೆ. ಹಾಗಾಗಿ ಅವರಿಗೆ ಬೇಕಾಗಿರುವುದು ತಕರಾರಿಲ್ಲದ ರಸೀದಿ. ಫೆಬ್ರವರಿ ಮುಗಿಯುವ ಹೊತ್ತಿಗೆ ನಮ್ಮಂಥ ಸಂಸ್ಥೆಗಳಿಗೆ ಇದ್ದಕ್ಕಿದ್ದ ಹಾಗೆ ಫೋನ್ ಬರೋಕೆ ಶುರುವಾಗುತ್ತಿತ್ತು. ಜೂನ್‌ನಲ್ಲಿ ಕೊಟ್ಟ ಪ್ರಪೋಸಲ್‌ಗೆ ಅಲ್ಲಿಯವರೆಗೆ ಉತ್ತರವೇ ಇರುತ್ತಿರಲಿಲ್ಲ. ಮಾರ್ಚ್‌ನಲ್ಲಿ ಮಾತ್ರ, ಇಷ್ಟು ದುಡ್ಡು ಈ ತಿಂಗಳೊಳಗೆ ಬಳಸಿ ಬಿಲ್ ಕೊಡ್ತೀರಾ ಅನ್ನುವ ಪ್ರಶ್ನೆ. ಒಂದು ತಿಂಗಳಲ್ಲಿ ಮಕ್ಕಳಿಗೆ ಓದು ಕಲಿಸೋಕಾಗಲ್ಲ. ಬೆಂಚು, ಬ್ಯಾಗು, ಟ್ಯಾಬ್ಲೆಟ್, ನೀರಿನ ಫಿಲ್ಟರ್ ಕೊಳ್ಳಬಹುದು. ಸರ್ಕಾರಿ ಶಾಲೆಗಳಿಗೆ ಇಂಥ ಸಾಮಾನು ಯಾಕೆ ಜಾಸ್ತಿ ಬರುತ್ತದೆ, ಅದೇ ಶಾಲೆಗೆ ಎರಡು ವರ್ಷ ಒಬ್ಬ ಒಳ್ಳೆ ಶಿಕ್ಷಕರ ಸಂಬಳ ಕೊಡುವ ಕಂಪನಿ ಯಾಕೆ ಸಿಗುವುದು ಕಷ್ಟ ಅನ್ನೋದಕ್ಕೆ ಅರ್ಧ ಉತ್ತರ ಈ ಕ್ಯಾಲೆಂಡರ್‌ನಲ್ಲೇ ಇದೆ. ತೀರಾ ತಲೆನೋವು ಬೇಡ ಅನ್ನುವವರು ಪ್ರಧಾನಿ ಹೆಸರಿನ ನಿಧಿಗೆ ಚೆಕ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ, ಅದು ಷೆಡ್ಯೂಲ್‌ನಲ್ಲಿದೆ. ಮುಖ್ಯಮಂತ್ರಿ ಪರಿಹಾರ ನಿಧಿ ಆ ಪಟ್ಟಿಯಲ್ಲಿಲ್ಲ! ನಮ್ಮೂರಿಗೇ ನೆರೆ ಬಂದು, ಇಲ್ಲಿನ ಕಂಪನಿ ಮುಖ್ಯಮಂತ್ರಿ ನಿಧಿಗೆ ಕೊಟ್ಟರೂ ಅದು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಇದು ಎಷ್ಟು ಸರಿ, ನೀವೇ ಹೇಳಿ.

ಕಾರ್ಖಾನೆಯ ಎಚ್‌ಆರ್ ಮ್ಯಾನೇಜರ್‌ಗೆ ಸಿಎಸ್‌ಆರ್ ಅಂದರೆ ಊರಿನವರ ಜೊತೆ ಸಂಬಂಧ. ಗೇಟಿನ ಮುಂದೆ ಟ್ರ್ಯಾಕ್ಟರ್ ನಿಲ್ಲಿಸದಿರಲಿ, ಪಂಚಾಯಿತಿಯಿಂದ ತಕರಾರು ಬರದಿರಲಿ. ಅವರ ಹತ್ತಿರ ಅರ್ಜಿಗಳ ಫೈಲು ಇರುತ್ತದೆ: ದೇವಸ್ಥಾನದ ಜೀರ್ಣೋದ್ಧಾರ, ಕಬಡ್ಡಿ ಪಂದ್ಯಾವಳಿ, ಗಣೇಶನ ಪೆಂಡಾಲು, ಬಸ್ ಸ್ಟ್ಯಾಂಡಿಗೆ ಶೆಡ್ಡು, ಶಾಸಕರ ಪಿಎ ಫೋನ್ ಮಾಡಿ ಹೇಳಿದ್ದು. ಇವುಗಳಲ್ಲಿ ಮುಕ್ಕಾಲು ಪಾಲು ಕಾನೂನಿನ ಪಟ್ಟಿಯಲ್ಲಿ ಕೂರುವುದಿಲ್ಲ. ಆದರೂ ಒಂದು ಮಾತು ಹೇಳಲೇಬೇಕು, ಆ ಊರಿಗೆ ಏನು ಬೇಕು ಅಂತ ಹೆಡ್ ಆಫೀಸಿನಲ್ಲಿ ಕೂತವರಿಗಿಂತ ಈ ಮ್ಯಾನೇಜರ್‌ಗೆ ಚೆನ್ನಾಗಿ ಗೊತ್ತಿರುತ್ತದೆ. ಯಾವ ಬೋರ್‌ವೆಲ್ ಬತ್ತಿದೆ, ಯಾವ ಹುಡುಗಿ ಪಿಯುಸಿಗೆ ಬಸ್ಸಿಲ್ಲ ಅಂತ ಓದು ಬಿಟ್ಟಳು, ಎಲ್ಲಾ. ಅವರ ಮಾತಿಗೆ ಬೋರ್ಡ್‌ರೂಮಿನಲ್ಲಿ ಬೆಲೆ ಕಡಿಮೆ, ಅಷ್ಟೇ.

ಮಾರ್ಕೆಟಿಂಗ್‌ನವರ ಬಗ್ಗೆ ಜಾಸ್ತಿ ಹೇಳಲ್ಲ. ಫೋಟೋ ಬೇಕು. ಟೀಶರ್ಟ್ ಬೇಕು.

ಎಂಡಿಗೆ ಅಥವಾ ಮಾಲೀಕರ ಮನೆಯವರಿಗೆ ಅದು ಅವರ ಕನಸಿನ ಯೋಜನೆ. ಒಬ್ಬರಿಗೆ ಕೆರೆ, ಇನ್ನೊಬ್ಬರಿಗೆ ಡಯಾಲಿಸಿಸ್ ಕೇಂದ್ರ, ಯಾಕಂದರೆ ಅವರ ತಂದೆ ಆ ಕಾಯಿಲೆಯಿಂದ ತೀರಿಕೊಂಡಿರುತ್ತಾರೆ. ಇದನ್ನ ಗೇಲಿ ಮಾಡುವ ಮನಸ್ಸು ನನಗಿಲ್ಲ. ಮನಸ್ಸಿಗೆ ತಾಗಿದ ಕೆಲಸವನ್ನು ಜನ ಹತ್ತು ವರ್ಷ ಬಿಡದೆ ಮಾಡುತ್ತಾರೆ. ಇಲ್ಲಿ ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ನಮ್ಮ ಶಾಲೆಗಳಲ್ಲಿ ಈಗ ಮಕ್ಕಳಿಗೆ ವಾರವಿಡೀ ಮೊಟ್ಟೆ ಕೊಡೋಕೆ ಅಜೀಂ ಪ್ರೇಮ್‌ಜಿ ಫೌಂಡೇಶನ್ 2024ರಲ್ಲಿ ರಾಜ್ಯ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತಲ್ಲ, ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂ., ಅದನ್ನು ಜನ ಸಿಎಸ್‌ಆರ್ ಅಂದುಕೊಳ್ಳುತ್ತಾರೆ. ಅಲ್ಲ. ಅದರ ಬೇರು ಪ್ರೇಮ್‌ಜಿಯವರು ತಮ್ಮ ಸ್ವಂತ ಆಸ್ತಿಯನ್ನು ದಾನ ಮಾಡಿದ್ದರಲ್ಲಿದೆ. ತನ್ನ ಜೇಬಿನಿಂದ ಕೊಡುವುದು ಬೇರೆ, ಕಂಪನಿಯ ಲಾಭದಿಂದ ಕಾನೂನಿನ ಪ್ರಕಾರ ಕೊಡುವುದು ಬೇರೆ. ಮ್ಯಾನೇಜರುಗಳೇ ಎಷ್ಟೋ ಸಲ ಇವೆರಡನ್ನ ಕಲಸಿಬಿಡುತ್ತಾರೆ.

ಇನ್ನು ಸಿಎಸ್‌ಆರ್ ಹೆಡ್. ಅವರಿಗೆ ನೂರೆಂಟು ಫಾರ್ಮು. ಆಡಳಿತದ ಖರ್ಚು ಶೇ. 5 ದಾಟುವ ಹಾಗಿಲ್ಲ, ಸ್ವಯಂಸೇವಾ ಸಂಸ್ಥೆ ಸಿಎಸ್‌ಆರ್-1 ಫಾರ್ಮಿನಲ್ಲಿ ನೋಂದಣಿ ಆಗಿರಬೇಕು, ಹತ್ತು ಕೋಟಿ ಮೇಲೆ ಹೊಣೆಯಿರುವ ಕಂಪನಿ ಆದರೆ ಒಂದು ಕೋಟಿ ಮೇಲಿನ ಯೋಜನೆಗಳಿಗೆ ಪರಿಣಾಮದ ಮೌಲ್ಯಮಾಪನ ಮಾಡಿಸಬೇಕು. ಎಷ್ಟು ಫಲಾನುಭವಿಗಳು ಅಂತ ಸಂಖ್ಯೆ ಕೇಳುತ್ತಾರೆ. ಶಾಲೆಗೆ ಬಣ್ಣ ಹೊಡೆಸಿದರೆ ಮುನ್ನೂರು ಮಕ್ಕಳು ಫಲಾನುಭವಿಗಳು. ಒಬ್ಬ ಮಗುವಿಗೆ ಭಾಗಾಕಾರ ಕಲಿಸಿದರೆ ಒಬ್ಬನೇ. ಎಕ್ಸೆಲ್‌ನಲ್ಲಿ ಯಾವುದು ಗೆಲ್ಲುತ್ತದೆ ಅಂತ ಬಿಡಿಸಿ ಹೇಳಬೇಕಾ?

ಇವರೆಲ್ಲರ ಬಗ್ಗೆ ಪತ್ರಿಕೆಗಳು, ಸಂಶೋಧಕರು ಬರೆಯುತ್ತಲೇ ಇರುತ್ತಾರೆ. ನನಗೆ ನಿಜವಾಗಿ ಮಾತಾಡಬೇಕಾಗಿರುವುದು ಸಿಎಸ್‌ಆರ್ ಮೀಟಿಂಗಿಗೆ ಕರೆಯದೇ ಇರುವ ಮ್ಯಾನೇಜರುಗಳ ಬಗ್ಗೆ. ಪರ್ಚೇಸ್ ಮ್ಯಾನೇಜರ್, ಪ್ರೊಡಕ್ಷನ್ ಮ್ಯಾನೇಜರ್, ಗುತ್ತಿಗೆ ಕಾರ್ಮಿಕರ ಏಜೆನ್ಸಿಯ ಬಿಲ್ ಪಾಸ್ ಮಾಡುವವರು, ತ್ಯಾಜ್ಯ ನೀರಿನ ಘಟಕ ನೋಡಿಕೊಳ್ಳುವವರು. ಸಿಎಸ್‌ಆರ್ ಬಗ್ಗೆ ನಿಮ್ಮ ಅಭಿಪ್ರಾಯ ಏನು ಅಂತ ಇವರನ್ನ ಕೇಳಿದರೆ, ಅದಕ್ಕೆ ಬೇರೆ ಡಿಪಾರ್ಟ್‌ಮೆಂಟ್ ಇದೆ ಸರ್ ಅಂತಾರೆ. ಎಷ್ಟು ಪ್ರಾಮಾಣಿಕವಾದ ಉತ್ತರ! ಆದರೆ ಲೆಕ್ಕ ಹಾಕಿ ನೋಡಿ. ಸಿಎಸ್‌ಆರ್ ತಂಡದ ಕೈಯಲ್ಲಿರುವುದು ಲಾಭದ ಶೇ. 2. ಉಳಿದ 98 ಹೇಗೆ ಹುಟ್ಟಿತು ಅನ್ನೋದು ಇವರ ಕೈಯಲ್ಲಿದೆ.

ಕೋಲಾರ ಜಿಲ್ಲೆಯಿಂದಲೇ ಎರಡು ಕಥೆ ಹೇಳುತ್ತೇನೆ. ಒಂದು ಹಳೇದು. ಕೆಜಿಎಫ್‌ನಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಿಂದ ಗಣಿಗಾರಿಕೆ ಶುರು ಮಾಡಿತು. ಆಗ ಸಿಎಸ್‌ಆರ್ ಅನ್ನುವ ಹೆಸರೇ ಇರಲಿಲ್ಲ, ಆದರೂ ಊರು ಕಟ್ಟಿದರು, ಆಸ್ಪತ್ರೆ ಕಟ್ಟಿದರು, ಕ್ಲಬ್ಬು ಕಟ್ಟಿದರು. 1902ರಲ್ಲೇ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟು ಬಂತು. ಇವತ್ತಿನ ಯಾವ ವಾರ್ಷಿಕ ವರದಿಗೂ ಹೊಳಪು ತರುವಂಥ ಸಾಧನೆಗಳು. ಅದೇ ಗಣಿಯ ಒಳಗೆ ದೂಳು ಕುಡಿದು ಶ್ವಾಸಕೋಶ ಕೆಡಿಸಿಕೊಂಡ ಕಾರ್ಮಿಕರೂ ಇದ್ದರು. ಕಂಪನಿ ಸರ್ಕಾರದ ಕೈಗೆ ಬಂದು, ಕೊನೆಗೆ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಉಳಿದಿದ್ದು ಚಿನ್ನ ತೆಗೆದ ಮೇಲೆ ಸುರಿದ ಸೈನೈಡ್ ದಿಬ್ಬಗಳು. ಗಾಳಿ ಎದ್ದರೆ ಆ ದೂಳು ಇವತ್ತಿಗೂ ಊರಿನ ಮನೆಗಳ ಮೇಲೆ ಬೀಳುತ್ತದೆ. ಆಸ್ಪತ್ರೆ ಕಟ್ಟಿಸಿದ್ದು ಒಂದು ತೀರ್ಮಾನ. ತ್ಯಾಜ್ಯ ಎಲ್ಲಿ ಸುರಿಯಬೇಕು ಅನ್ನೋದು ಇನ್ನೊಬ್ಬ ಮ್ಯಾನೇಜರ್ ತೆಗೆದುಕೊಂಡ ತೀರ್ಮಾನ. ಯಾವುದರ ಪರಿಣಾಮ ಜಾಸ್ತಿ ಕಾಲ ಉಳಿಯಿತು?

ಇನ್ನೊಂದು ನಿಮಗೆ ನೆನಪಿರಬೇಕು. 2020ರ ಡಿಸೆಂಬರ್ 12, ನರಸಾಪುರ. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರು ಗಾಜು ಒಡೆದರು, ವಾಹನಗಳಿಗೆ ಬೆಂಕಿ ಬಿತ್ತು. ಟಿವಿಗಳಲ್ಲಿ ಮೊದಲ ದಿನವೆಲ್ಲಾ ದೊಂಬಿ, ದೊಂಬಿ. ಹಿಂಸೆಯನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಕಾರಣ ಹುಡುಕಿದಾಗ ಹೊರಬಂದಿದ್ದು ಸಂಬಳದ ವಿಷಯ. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಹೋಗಿಲ್ಲ ಅಂತ ಕಂಪನಿಯೇ ಒಪ್ಪಿಕೊಂಡಿತು, ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆಪಲ್ ಕಂಪನಿ ವಿಸ್ಟ್ರಾನನ್ನು ಪ್ರೊಬೇಷನ್‌ನಲ್ಲಿಟ್ಟಿತು. ಸರಬರಾಜುದಾರರು ಹೇಗಿರಬೇಕು ಅಂತ ಆಪಲ್ ಬರೆದಿಟ್ಟ ನಿಯಮಗಳು ಎಷ್ಟು ಉದ್ದ ಇವೆ ಗೊತ್ತಾ? ಕಾಗದದಲ್ಲಿ ಎಲ್ಲಾ ಇತ್ತು. ನರಸಾಪುರದ ಹಾಜರಿ ಪಟ್ಟಿ ಮತ್ತು ಏಜೆನ್ಸಿ ಬಿಲ್ಲಿನ ನಡುವೆ ಎಲ್ಲೋ ಅದು ಸೋರಿಹೋಯಿತು. ಆ ಜಾಗದಲ್ಲಿ ಕೂತಿರುವ ಮ್ಯಾನೇಜರ್‌ಗೆ ತಾನು ಸಾಮಾಜಿಕ ಹೊಣೆಯ ಕೆಲಸ ಮಾಡುತ್ತಿದ್ದೇನೆ ಅಂತ ಯಾರೂ ಹೇಳಿರುವುದಿಲ್ಲ.

ಪೀಣ್ಯಕ್ಕೆ ಬನ್ನಿ. ಸಣ್ಣ ಕೈಗಾರಿಕೆಯವರಿಂದ ಮಾಲು ತೆಗೆದುಕೊಂಡರೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಕಾನೂನೇ ಇದೆ. ಕೊಡುತ್ತಾರಾ? ಲೇತ್ ಇಟ್ಟುಕೊಂಡು ಬಿಡಿಭಾಗ ಮಾಡಿಕೊಡುವ ಯಾವ ಮಾಲೀಕರನ್ನಾದರೂ ಕೇಳಿ. ತೊಂಬತ್ತು ದಿನ ಆದರೂ ಪೇಮೆಂಟ್ ಬಂದಿಲ್ಲ ಅನ್ನುವ ಮಾತು ಅಲ್ಲಿ ಮಾಮೂಲಿ. ಅಷ್ಟರಲ್ಲಿ ಅವರು ಬಡ್ಡಿಗೆ ಸಾಲ ತಂದು ಹುಡುಗರಿಗೆ ಸಂಬಳ ಕೊಟ್ಟಿರುತ್ತಾರೆ. ಅಂಥ ಬಾಕಿ ಇಟ್ಟುಕೊಂಡ ಕಂಪನಿಯೊಂದು ಅದೇ ತಿಂಗಳು ಸ್ವಉದ್ಯೋಗ ತರಬೇತಿ ಶಿಬಿರಕ್ಕೆ ಸಿಎಸ್‌ಆರ್ ಚೆಕ್ ಕೊಟ್ಟು, ಯುವಕರು ಉದ್ಯಮಿಗಳಾಗಬೇಕು ಅಂತ ಭಾಷಣ ಮಾಡಿದ್ದನ್ನು ನಾನು ವೇದಿಕೆ ಪಕ್ಕದಲ್ಲೇ ನಿಂತು ಕೇಳಿದ್ದೇನೆ. ಬಲಗೈಯಲ್ಲಿ ಬುತ್ತಿ ಕೊಟ್ಟು ಎಡಗೈಯಲ್ಲಿ ಅಕ್ಕಿ ಮೂಟೆ ಎತ್ತಿಕೊಂಡು ಹೋದ ಹಾಗೆ. 2023-24ರಿಂದ ಆದಾಯ ತೆರಿಗೆಯಲ್ಲಿ ಹೊಸ ನಿಯಮ ಬಂದಿದೆ: ಅತಿಸಣ್ಣ, ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಕೊಡದ ಹಣವನ್ನು, ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚು ಅಂತ ತೋರಿಸಬಹುದು. ತಡ ಮಾಡಿದರೆ ತೆರಿಗೆ ಜಾಸ್ತಿ ಆಗುತ್ತದೆ ಅಂತಾದಾಗ ಹಣಕಾಸು ವಿಭಾಗ ಕಿವಿ ನೆಟ್ಟಗೆ ಮಾಡಿತು. ನೀತಿಬೋಧೆಗೆ ಆಗದಿದ್ದದ್ದು ತೆರಿಗೆಯ ಒಂದು ಉಪನಿಯಮಕ್ಕೆ ಆಯಿತು.

ಹಾಗಂತ ಒಳ್ಳೆ ಕೆಲಸವೆಲ್ಲಾ ನಾಟಕ ಅನ್ನುವವರ ಜೊತೆ ನಾನಿಲ್ಲ. ಇದಕ್ಕೆ ತೊಡಕಿನ ಉದಾಹರಣೆ ಸತ್ಯಂ ಅನ್ನುವ ಸಾಫ್ಟ್‌ವೇರ್ ಕಂಪನಿ. ಅದನ್ನು ಕಟ್ಟಿದ ಹೈದರಾಬಾದಿನ ರಾಮಲಿಂಗ ರಾಜು 2005ರಲ್ಲಿ ತುರ್ತು ಆಂಬುಲೆನ್ಸ್ ಸೇವೆ ಕಟ್ಟಿದರು. ಅದೇ 108. ಕರ್ನಾಟಕಕ್ಕೆ ಅದು 2008ರಲ್ಲಿ ಆರೋಗ್ಯ ಕವಚ ಅನ್ನುವ ಹೆಸರಿನಲ್ಲಿ ಬಂತು. ಅದೇ 2008ರಲ್ಲಿ ಸತ್ಯಂಗೆ ಒಳ್ಳೆ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ಬಂತು. 2009ರ ಜನವರಿ 7ಕ್ಕೆ ರಾಜು ಪತ್ರ ಬರೆದು, ಕಂಪನಿಯ ಲೆಕ್ಕವೇ ಸುಳ್ಳು, 5,000 ಕೋಟಿಗೂ ಜಾಸ್ತಿ ನಗದು ಇಲ್ಲವೇ ಇಲ್ಲ ಅಂತ ಒಪ್ಪಿಕೊಂಡರು. ಪ್ರಶಸ್ತಿ ವಾಪಸ್ ಹೋಯಿತು. ಆಂಬುಲೆನ್ಸ್ ಮಾತ್ರ ಓಡುತ್ತಲೇ ಇತ್ತು, ಜಿವಿಕೆ ಅನ್ನುವ ಇನ್ನೊಂದು ಕಂಪನಿ ಅದನ್ನು ಕೈಗೆತ್ತಿಕೊಂಡಿತು. ಆ ಗಾಡಿಯಲ್ಲಿ ಹೆರಿಗೆಯಾದ ಮಗುವಿಗೆ ಸತ್ಯಂನ ಬ್ಯಾಲೆನ್ಸ್ ಶೀಟ್ ಕಟ್ಟಿಕೊಂಡು ಏನಾಗಬೇಕು? ಇದನ್ನು ಕೇಳಿ ನಿಮಗೆ ಕಸಿವಿಸಿ ಆದರೆ ಒಳ್ಳೆಯದೇ. ನನಗೂ ಆಗುತ್ತದೆ. ದಾನ ಒಳ್ಳೆಯದಾಗಿದ್ದೂ ಕಂಪನಿ ಕೆಟ್ಟದ್ದಾಗಿರಬಹುದು. ಒಂದನ್ನು ನೋಡಿ ಇನ್ನೊಂದಕ್ಕೆ ಅಂಕ ಕೊಡಬೇಡಿ ಅಷ್ಟೇ.

ಇನ್ನು ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದರು: ಹಾಗಾದರೆ ಕಡ್ಡಾಯ ಮಾಡಿದ್ದೇ ತಪ್ಪಾ ಸರ್?

ಇಲ್ಲಮ್ಮ. 2014-15ರಲ್ಲಿ ದೇಶದ ಒಟ್ಟು ಸಿಎಸ್‌ಆರ್ ಖರ್ಚು ಸುಮಾರು 10,000 ಕೋಟಿ ರೂ. ಇತ್ತು. 2022-23ಕ್ಕೆ ಅದು ಸುಮಾರು 30,000 ಕೋಟಿಗೆ ಬಂತು. ಅಷ್ಟು ದುಡ್ಡು, ಅದಕ್ಕೆ ಅಂತ ಕೆಲಸಕ್ಕೆ ಸೇರಿದ ಅಷ್ಟು ಜನ, ಕಾನೂನಿಲ್ಲದೆ ಬರುತ್ತಿರಲಿಲ್ಲ. ಆದರೆ ಧಮ್ಮಿಕ ಧರ್ಮಪಾಲ ಮತ್ತು ವಿಕ್ರಮಾದಿತ್ಯ ಖನ್ನಾ ಅನ್ನುವ ಇಬ್ಬರು ಸಂಶೋಧಕರು ಇದೇ ಕಾನೂನಿನ ಪರಿಣಾಮ ನೋಡಿದರು. ಮೊದಲು ಕಡಿಮೆ ಕೊಡುತ್ತಿದ್ದವರು ಜಾಸ್ತಿ ಕೊಡೋಕೆ ಶುರು ಮಾಡಿದರು, ಸರಿ. ಮೊದಲೇ ಶೇ. 2ಕ್ಕಿಂತ ಜಾಸ್ತಿ ಕೊಡುತ್ತಿದ್ದ ದೊಡ್ಡ ಕಂಪನಿಗಳು ಕಾನೂನು ಬಂದ ಮೇಲೆ ಇಳಿಸಿಬಿಟ್ಟವು! ಕನಿಷ್ಠ ಇಷ್ಟು ಅಂದಿದ್ದನ್ನ ಮ್ಯಾನೇಜರುಗಳು ಇಷ್ಟೇ ಸಾಕು ಅಂತ ಓದಿಕೊಂಡರು. ಇನ್ನೊಂದು ಕೊರತೆ, ಹಣ ಕಾರ್ಖಾನೆ ಮತ್ತು ಹೆಡ್ ಆಫೀಸಿನ ಸುತ್ತಮುತ್ತಲೇ ಸುತ್ತುತ್ತದೆ. ಸ್ಥಳೀಯರಿಗೆ ಆದ್ಯತೆ ಕೊಡಿ ಅಂತ ಕಾನೂನೇ ಹೇಳುತ್ತದೆ. ಹಾಗಾದಾಗ ಬೆಂಗಳೂರಿನ ಕೆರೆಗೆ ನಾಲ್ಕು ಕಂಪನಿ ಸಿಗುತ್ತವೆ. ರಾಯಚೂರು, ಯಾದಗಿರಿ ಎರಡೂ ಕೇಂದ್ರ ಸರ್ಕಾರದ ಮಹತ್ವಾಕಾಂಕ್ಷಿ ಜಿಲ್ಲೆಗಳ, ಅಂದರೆ ಹಿಂದುಳಿದ ಜಿಲ್ಲೆಗಳ ಪಟ್ಟಿಯಲ್ಲಿವೆ, ಆದರೆ ಯಾದಗಿರಿಯ ಹಳ್ಳಿ ಶಾಲೆಯ ಪಕ್ಕ ಯಾರ ಹೆಡ್ ಆಫೀಸೂ ಇಲ್ಲ. ಕಾನೂನು ಇರಲಿ, ಈ ಒಂದು ಸಾಲು ತಿದ್ದುಪಡಿ ಆಗಬೇಕು ಅನ್ನೋದು ನನ್ನ ಪಕ್ಷ.

ಹಿಂದಿನ ಬೆಂಚಿನಿಂದ ಒಬ್ಬರು: ಸರ್, ನಾವು ಕ್ಯಾಂಪಸ್ ಇಂಟರ್‌ವ್ಯೂಗೆ ಹೋಗುವಾಗ ಒಂದು ಕಂಪನಿ ನಿಜವಾಗಿ ಹೇಗಿದೆ ಅಂತ ತಿಳಿಯೋದು ಹೇಗೆ? ಎಲ್ಲರ ವೆಬ್‌ಸೈಟ್‌ನಲ್ಲೂ ಮಕ್ಕಳ ಫೋಟೋ ಇರುತ್ತೆ.

ಫೋಟೋ ಬಿಡಿ, ವಾರ್ಷಿಕ ವರದಿ ತೆಗೆಯಿರಿ. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಅಂತ ಒಂದು ವರದಿ (ವ್ಯವಹಾರದ ಹೊಣೆ ಮತ್ತು ಸುಸ್ಥಿರತೆಯ ವರದಿ) ಕೊಡಲೇಬೇಕು, ಷೇರುಪೇಟೆಯ ಮೇಲೆ ನಿಗಾ ಇಡುವ ಸೆಬಿಯ ನಿಯಮ ಅದು. ಉದ್ದ ಇರುತ್ತದೆ, ಬಹಳಷ್ಟು ಬರೀ ತೌಡು. ನೀವು ಮೂರು ಜಾಗ ಮಾತ್ರ ಹುಡುಕಿ. ಕಾಯಂ ಕಾರ್ಮಿಕರು ಎಷ್ಟು, ಕಾಯಂ ಅಲ್ಲದವರು ಎಷ್ಟು. ಅವರಲ್ಲಿ ಎಷ್ಟು ಜನರಿಗೆ ಬರೀ ಕನಿಷ್ಠ ವೇತನ, ಎಷ್ಟು ಜನರಿಗೆ ಅದಕ್ಕಿಂತ ಜಾಸ್ತಿ. ಕೆಲಸದ ಜಾಗದಲ್ಲಿ ಎಷ್ಟು ಅಪಘಾತ ಆಗಿವೆ. ಸರಬರಾಜುದಾರರಿಗೆ ದುಡ್ಡು ಕೊಡೋಕೆ ಎಷ್ಟು ದಿನ ತೆಗೆದುಕೊಳ್ಳುತ್ತಾರೆ ಅನ್ನೋದೂ ಕೆಲವು ಕಂಪನಿಗಳ ವರದಿಯಲ್ಲಿ ಸಿಗುತ್ತದೆ, ಸಿಕ್ಕರೆ ಅದನ್ನೂ ನೋಡಿ. ಎರಡು ವರ್ಷದ ಅಂಕಿ ಪಕ್ಕಪಕ್ಕ ಇಡಿ. ಇಂಟರ್‌ವ್ಯೂ ಮುಗಿಯುವ ಹೊತ್ತಿಗೆ, ನಿಮಗೇನಾದರೂ ಕೇಳೋಕಿದೆಯಾ ಅಂತಾರಲ್ಲ, ಆಗ ಈ ಅಂಕಿಯಲ್ಲಿ ಒಂದನ್ನು ಹಿಡಿದು ಕೇಳಿ. ಅಲ್ಲಿ ಕೂತಿರುವ ಲೈನ್ ಮ್ಯಾನೇಜರ್ ಅದಕ್ಕೆ ತಾನೇ ಉತ್ತರ ಕೊಟ್ಟರೆ ಆ ಕಂಪನಿಗೆ ಸೇರುವ ಬಗ್ಗೆ ಯೋಚಿಸಬಹುದು. ಅದನ್ನ ನಮ್ಮ ಸಿಎಸ್‌ಆರ್‌ನವರನ್ನ ಕೇಳಿ ಅಂದರೆ, ಇನ್ನೆರಡು ಕಡೆ ಅರ್ಜಿ ಹಾಕಿ.